ಅಷ್ಟಾಗಿ ಪರಿಚಯವಿಲ್ಲ

ಟೀಚರ್ ಅಣಬೆ ಬೆಳೆಯಲು ಶುರುಮಾಡಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹದಿನೆಂಟು ವರ್ಷ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಶಾಲೆ ಮುಚ್ಚಿತು, ಕೆಲಸ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಬೀದಿಯವರಿಗೆ, ಅಂಗಡಿಯವರಿಗೆ, ಕೊನೆಗೆ ಅಕ್ಕನ ಗಂಡನಿಗೂ ಅವಳು ಟೀಚರೇ ಆಗಿ ಉಳಿದಳು.

ಅಣಬೆಯ ವಿದ್ಯೆ ಅವಳಿಗೆ ಕಲಿಸಿದವನು ಗಡಿಯಾರದಣ್ಣ. ಎರಡು ಬೀದಿ ಆಚೆ ಅವನದೊಂದು ಗಡಿಯಾರ ರಿಪೇರಿ ಅಂಗಡಿ. ಜನ ಮೊಬೈಲಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಹಗ್ಗ ಇಳಿಬಿಟ್ಟು, ಬೇಯಿಸಿದ ಹುಲ್ಲನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಚಿಪ್ಪಣಬೆ ಬೆಳೆಯುತ್ತಿದ್ದ. ಟೀಚರ್ ಒಂದು ದಿನ ನಿಂತುಹೋದ ಗೋಡೆ ಗಡಿಯಾರ ಹಿಡಿದು ಅಲ್ಲಿಗೆ ಹೋದಳು. ಅವನು ಅದರ ಬೆನ್ನು ಬಿಚ್ಚುವಷ್ಟರಲ್ಲಿ ಅರೆತೆರೆದ ಬಾಗಿಲಿನಿಂದ ಒಳಗೆ ನೇತಾಡುತ್ತಿದ್ದ ಬೆಳ್ಳನೆಯ ಚೀಲಗಳು ಅವಳ ಕಣ್ಣಿಗೆ ಬಿದ್ದವು.

"ಇದೇನಣ್ಣ?"

"ಒಳಗೆ ಬಂದು ನೋಡು. ಮೊದಲು ಕೈಕಾಲು ತೊಳ್ಕೋ."

ಶುರುವಾದದ್ದು ಹಾಗೆ. ನಾಲ್ಕು ತಿಂಗಳು ಅವಳು ದಿನಾ ಬೆಳಿಗ್ಗೆ ಹೋಗಿ ಕಲಿತಳು. ಹುಲ್ಲು ಎಷ್ಟು ಹೊತ್ತು ನೆನೆಯಬೇಕು, ಬೆಂದ ಮೇಲೆ ಕೈಯಲ್ಲಿ ಹಿಂಡಿದರೆ ನೀರು ಹೇಗೆ ತೊಟ್ಟಿಕ್ಕಬೇಕು, ಹುಲ್ಲಿನ ಪದರದ ನಡುವೆ ಬೀಜ ಹೇಗೆ ಉದುರಿಸಬೇಕು, ಎಲ್ಲವನ್ನೂ ಅವನು ಕಲಿಸಿದ. ಒಂದು ಕಾಸೂ ಕೇಳಲಿಲ್ಲ. "ವಿಜ್ಞಾನದ ಟೀಚರಿಗೆ ಹುಲ್ಲು ಬೇಯಿಸೋದು ಕಲಿಸ್ತಿದ್ದಾರಂತೆ, ನೋಡು ನಮ್ಮನೆಯವರ ಧೈರ್ಯ" ಎಂದು ಅವನ ಹೆಂಡತಿ ನಗುತ್ತಿದ್ದಳು. ಅವನನ್ನು ಅಣ್ಣ ಎಂದ ಮೇಲೆ ಇವಳು ಅತ್ತಿಗೆಯಾದಳು. ಯಾರಾದರೂ ಗಿರಾಕಿ ಬಂದು "ಇವರು ಯಾರು" ಎಂದರೆ ಗಡಿಯಾರದಣ್ಣ ತಲೆ ಎತ್ತದೆ "ನನ್ನ ತಂಗಿ" ಎನ್ನುತ್ತಿದ್ದ.

ಕಲಿತ ಮೇಲೆ ಟೀಚರ್ ಬಾಗಿಲು ಹಾಕಿದ ಒಂದು ಹಳೆಯ ಮುದ್ರಣಾಲಯವನ್ನು ಬಾಡಿಗೆಗೆ ಹಿಡಿದಳು. ಕಿಟಕಿ ಕಡಿಮೆ, ಗೋಡೆ ದಪ್ಪ, ನೆಲದ ಮೇಲೆ ಎಷ್ಟು ತಿಕ್ಕಿದರೂ ಹೋಗದ ಶಾಯಿಯ ಕಲೆ. ಅಕ್ಕನ ಗಂಡ ವ್ಯಾನ್ ಓಡಿಸುತ್ತಿದ್ದ. ಅವನು ಅರ್ಧ ಪಾಲಿಗೆ ಸೇರಿಕೊಂಡ.

ಬೆಳೆ ಬಂತು. ಆದರೆ ಅಣಬೆಯ ಆಯಸ್ಸು ಒಂದು ದಿನ. ಬೆಳಗಿನ ಜಾವ ಕಿತ್ತದ್ದು ಮಧ್ಯಾಹ್ನಕ್ಕೆ ಹಳದಿ ತಿರುಗುತ್ತದೆ, ಸಂಜೆಗೆ ಅಂಟಂಟಾಗುತ್ತದೆ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಬೆಲೆ ಮಾತಾಡುವಾಗ ಗೋಡೆ ಗಡಿಯಾರ ನೋಡುತ್ತಾ, "ಬೇಡವಾದ್ರೆ ಸಂಜೆವರೆಗೆ ನೀವೇ ಇಟ್ಕೊಳ್ಳಿ" ಎನ್ನುತ್ತಿದ್ದರು. ಬೇಕಾಗಿದ್ದದ್ದು ಒಂದು ಶೀತಲ ಕೋಣೆ. ಅದೊಂದಿದ್ದರೆ ಐದು ದಿನ ಇಟ್ಟುಕೊಂಡು ತಲೆ ಎತ್ತಿ ಮಾರಬಹುದು. ಬ್ಯಾಂಕಿಗೆ ಹೋದರೆ ಹೊಲದ ಪತ್ರ ಕೇಳುತ್ತಿದ್ದರು. ಅಣಬೆಯವರ ಹತ್ತಿರ ಹೊಲವೆಲ್ಲಿಂದ ಬರಬೇಕು, ಸೂರಿನಿಂದ ಇಳಿಬಿಟ್ಟ ಹಗ್ಗವಷ್ಟೇ ಇರುವುದು.

ಆಗ ಸುದ್ದಿ ಬಂದದ್ದು ಒಂದು ಸಂಸ್ಥೆಯದು. ಹೊಸದಾಗಿ ಬೇಸಾಯದ ಉದ್ಯಮ ಶುರುಮಾಡಿದವರಿಗೆ ಕಟ್ಟಡ, ಯಂತ್ರ, ಶೀತಲ ಕೋಣೆಗೆಂದೇ ಹಣ ಕೊಡುವ ಸಂಸ್ಥೆ. ಹೊಲದ ಪತ್ರ ಬೇಡ, ಬೆಳೆ ಕಣ್ಣಿಗೆ ಕಂಡರೆ ಸಾಕು. ಷರತ್ತು ಎರಡೇ. ಒಂದು ಪ್ರದೇಶಕ್ಕೆ ಒಂದೇ ಕೋಣೆ, ಉಳಿದ ಬೆಳೆಗಾರರಿಗೆ ಅದರಲ್ಲಿ ಬಾಡಿಗೆಗೆ ಜಾಗ ಕೊಡಬೇಕು. ಪರಿಶೀಲನೆಗೆ ಬಂದ ದಿನ ಕನಿಷ್ಠ ಮುನ್ನೂರು ಚೀಲ ಬೆಳೆಯಲ್ಲಿರಬೇಕು.

ಟೀಚರೂ ಅರ್ಜಿ ಹಾಕಿದಳು, ಗಡಿಯಾರದಣ್ಣನೂ ಹಾಕಿದ. ಇಬ್ಬರೂ ಒಂದೇ ಮೇಜಿನ ಮೇಲೆ, ಅತ್ತಿಗೆ ಕೊಟ್ಟ ಟೀ ಕುಡಿಯುತ್ತಾ ಅರ್ಜಿ ತುಂಬಿದರು. "ನಿಂಗೆ ಸಿಕ್ರೆ ನನ್ನ ಡಬ್ಬ ನಿನ್ನ ಕೋಣೇಲಿ, ನಂಗೆ ಸಿಕ್ರೆ ನಿನ್ನ ಡಬ್ಬ ನನ್ನ ಕೋಣೇಲಿ. ತಣ್ಣಗಿರೋದು ಅಣಬೆ ತಾನೇ" ಎಂದ ಅವನು. ಟೀಚರಿಗೆ ಪರಿಶೀಲನೆ ಬುಧವಾರ, ಅವನಿಗೆ ಗುರುವಾರ ಎಂದು ಪತ್ರ ಬಂತು.

ಬುಧವಾರಕ್ಕೆ ಹನ್ನೆರಡು ದಿನ ಇರುವಾಗ ಟೀಚರಿನ ಚೀಲಗಳಿಗೆ ಹಸಿರು ಬೂಷ್ಟು ಬಿತ್ತು. ಒಂದು ಮೂಲೆಯಲ್ಲಿ ಶುರುವಾದದ್ದು ನಾಲ್ಕು ದಿನದಲ್ಲಿ ಅರ್ಧ ಕೋಣೆ ತಿಂದಿತು. ನಾನೂರು ಚೀಲದಲ್ಲಿ ಇನ್ನೂರ ಅರವತ್ತನ್ನು ಹೊರಗೆ ಒಯ್ದು ಸುಡಬೇಕಾಯಿತು. ಉಳಿದದ್ದು ನೂರ ನಲವತ್ತು.

ಗಡಿಯಾರದಣ್ಣ ಬಂದು ನೋಡಿ, ಗೋಡೆ ಮುಟ್ಟಿ, ಮೂಸಿ, ಸುಣ್ಣ ಬಳಿಯಲು ಹೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು ತಾನಾಗಿಯೇ ಕೇಳಿದ:

"ಬುಧವಾರಕ್ಕೆ ಏನ್ ಮಾಡ್ತೀಯ?"

"ಏನ್ ಮಾಡೋದಣ್ಣ. ಬರಬೇಡಿ ಅಂತ ಹೇಳೋದು."

"ಬೇಡ ಅಂದ್ರೆ ಮತ್ತೆ ಎರಡು ವರ್ಷ ಆ ಕಡೆ ತಲೆ ಹಾಕೋ ಹಾಗಿಲ್ಲ ಅಂತ ಪತ್ರದಲ್ಲಿ ಬರ್ದಿದೆ." ಅವನು ಕೋಣೆಯ ಖಾಲಿ ಹಗ್ಗಗಳನ್ನು ನೋಡಿದ. "ನನ್ನ ಹತ್ರ ಮುನ್ನೂರ ಇಪ್ಪತ್ತು ಚೀಲ ಇದೆ, ಇನ್ನೂರು ತಗೊಂಡು ಹೋಗು. ಬೆಳಿಗ್ಗೆ ತಂದು ಕಟ್ಟು, ಸಂಜೆ ವಾಪಸ್ ತಂದು ಕಟ್ಟು. ಬೂಷ್ಟು ಬಂದಿದ್ದು ನಿನ್ನ ತಪ್ಪಲ್ಲ, ಬೆಳೆಯೋಕೆ ಬರೋದು ಸುಳ್ಳಲ್ಲ."

"ಗುರುವಾರ ನಿಮ್ಮದೂ ಇದೆಯಲ್ಲ ಅಣ್ಣ."

"ಗುರುವಾರ ಬೆಳಿಗ್ಗೆ ಚೀಲ ನನ್ನ ಹಗ್ಗದಲ್ಲಿ ಇರುತ್ತಲ್ಲ, ಸಾಕು."

ಬುಧವಾರ ಭಾವ ಎರಡು ಸಲ ವ್ಯಾನ್ ತುಂಬಿಕೊಂಡು ಬಂದ. ಚೀಲಗಳಲ್ಲಿ ಆಗಷ್ಟೇ ಮೊಗ್ಗು ಒಡೆಯುತ್ತಿತ್ತು. ಗಾಳಿ ತಾಗಬಾರದೆಂದು ಗಡಿಯಾರದಣ್ಣ ಒಂದೊಂದಕ್ಕೂ ಒದ್ದೆ ಬಟ್ಟೆ ಹೊದಿಸಿ ಕಳಿಸಿದ್ದ. ಒಂದೊಂದರ ಕುತ್ತಿಗೆಗೂ ತೆಳ್ಳನೆಯ ಹಿತ್ತಾಳೆ ತಂತಿ, ಆ ತಂತಿಗೆ ಉಗುರಗಲದ ಚೀಟಿ. ಬೀಜ ಹಾಕಿದ ದಿನ, ಬೀಜ ತಂದ ಜಾಗ, ಹುಲ್ಲು ಬೆಂದ ಹೊತ್ತು, ಎಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ. ಟೀಚರ್ ಚೀಲಗಳನ್ನು ಹಗ್ಗಕ್ಕೆ ಕಟ್ಟಿ ಮುಗಿಸಿ ನೋಡಿದಳು. ಅವನ ಚೀಲ ಯಾವುದು, ತನ್ನದು ಯಾವುದು ಎಂದು ಬಾಗಿಲಿನಿಂದಲೇ ಗೊತ್ತಾಗುತ್ತಿತ್ತು. ಕತ್ತರಿ ತಂದಳು. ಇನ್ನೂರು ಚೀಟಿಗಳನ್ನೂ ಕತ್ತರಿಸಿ ಒಂದು ಡಬ್ಬಿಗೆ ಹಾಕಿದಳು. ಕತ್ತರಿಸು ಎಂದು ಅವನು ಹೇಳಿರಲಿಲ್ಲ. ಇವಳು ಕೇಳಿಯೂ ಇರಲಿಲ್ಲ.

ಹತ್ತು ಗಂಟೆಗೆ ಬರಬೇಕಾದ ಅಧಿಕಾರಿ ಬಂದದ್ದು ಹನ್ನೊಂದೂವರೆಗೆ. ಮೂವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಚೀಲ, ಕೈಯಲ್ಲಿ ಉಷ್ಣಮಾಪಕ. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೆಲಸ ಗೊತ್ತಿದ್ದವಳು, ಚೀಲಗಳನ್ನು ಒಂದೊಂದಾಗಿ ಎಣಿಸಿದಳು, ಗೋಡೆಯ ತೇವ ನೋಡಿದಳು, ಕೋಣೆ ಕೂರಿಸುವ ಜಾಗ ಅಳೆದಳು. ಮುನ್ನೂರ ನಲವತ್ತು ಎಂದು ಬರೆದುಕೊಂಡಳು. ಟೀಚರ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹದಿನೆಂಟು ವರ್ಷ ಪಾಠ ಮಾಡಿದ ಬಾಯಿ, ತಡವರಿಸಲಿಲ್ಲ.

ಎಲ್ಲ ಮುಗಿಸಿ ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದಳು: "ನಾಳೆ ಇಲ್ಲಿಗೆ ಬರೋಕಾಗಲ್ಲ, ಬೇರೆ ಕಡೆ ಹಾಕಿದ್ದಾರೆ. ಇನ್ನೊಂದು ಅರ್ಜಿ ಇಲ್ಲೇ ಹತ್ತಿರ ಅಲ್ವಾ, ಗಡಿಯಾರದ ಅಂಗಡಿ? ಈಗಲೇ ನೋಡ್ಕೊಂಡು ಹೋಗ್ಬಿಡ್ತೀನಿ."

ಟೀಚರ್ ಚೀಟಿಗಳ ಡಬ್ಬಿಯನ್ನು ಮೇಜಿನ ಹಿಂದಕ್ಕೆ ಸರಿಸಿದಳು.

"ಅವರು ಹೇಗೆ? ನಿಜವಾಗ್ಲೂ ಬೆಳೀತಾರಾ, ಇಲ್ಲ ಅರ್ಜಿಗೋಸ್ಕರ ನಾಲ್ಕು ಚೀಲ ಕಟ್ಟಿದ್ದಾರಾ? ನಿಮಗೆ ಗೊತ್ತಿರಬೇಕಲ್ಲ."

ಹೇಳಬೇಕಾದ ಮಾತು ದೊಡ್ಡದೇನಲ್ಲ. ಇವರೇ ನನಗೆ ಕಲಿಸಿದವರು ಎಂದರೆ ಸಾಕಿತ್ತು. ನಾಳೆ ಎಂದು ಕಾಯುತ್ತಿರುತ್ತಾರೆ, ಒಂದು ಮಾತು ತಿಳಿಸಿ ಬರುತ್ತೇನೆ ಎಂದಿದ್ದರೂ ಆಗುತ್ತಿತ್ತು. ಆದರೆ ಪರಿಚಯ ಇದೆ ಎಂದರೆ ಮುಂದಿನ ಪ್ರಶ್ನೆ ಏನು ಬರುತ್ತದೋ, ಮೇಡಂ ತಲೆ ಎತ್ತಿ ಚೀಲಗಳನ್ನು ಇನ್ನೊಮ್ಮೆ ನೋಡಿದರೆ ಏನು ಗತಿಯೋ ಎಂದು ಟೀಚರಿಗೆ ಅನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಏನೂ ಅನ್ನುವ ಮೊದಲೇ ಅವಳು ಹೆದರಿದ್ದಳು.

"ನಂಗೆ ಅವರು ಅಷ್ಟಾಗಿ ಪರಿಚಯ ಇಲ್ಲ" ಎಂದಳು.

ಮೇಡಂ ಹೊರಟುಹೋದಳು. ಟೀಚರ್ ಫೋನ್ ಕೈಗೆತ್ತಿಕೊಂಡಳು. ಫೋನ್ ಮಾಡಿ ಏನು ಹೇಳುವುದು? ಐದು ನಿಮಿಷದಲ್ಲಿ ಇನ್ನೂರು ಚೀಲ ಹೊತ್ತುಕೊಂಡು ಓಡಲಾಗುವುದಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡು ಫೋನನ್ನು ಶಾಯಿಯ ಕಲೆಯ ಮೇಜಿನ ಮೇಲೆ ಮಗುಚಿಟ್ಟಳು. ಮೇಲೆ ಅವನ ಚೀಲಗಳು ನೇತಾಡುತ್ತಿದ್ದವು.

ಮೂರು ಗಂಟೆಗೆ ಭಾವ ವ್ಯಾನ್ ತಂದ. ಚೀಲಗಳನ್ನು ಇಳಿಸಿಕೊಂಡು ಗಡಿಯಾರದ ಅಂಗಡಿಗೆ ಹೋದರು. ಅತ್ತಿಗೆ ಬಾಗಿಲು ತೆಗೆದಳು, ಮುಖ ಕೊಟ್ಟು ಮಾತಾಡಲಿಲ್ಲ. ಗಡಿಯಾರದಣ್ಣ ಖಾಲಿ ಹಗ್ಗಗಳ ಕೆಳಗೆ ನಿಂತು ಒಂದೊಂದೇ ಚೀಲ ಕೈಗೆ ತೆಗೆದುಕೊಂಡ. ಓಡಾಟದ ಕುಲುಕಾಟಕ್ಕೆ ಎಷ್ಟೋ ಚೀಲಗಳ ಮೊಗ್ಗು ಉದುರಿತ್ತು, ಎಷ್ಟೋ ಒಣಗಿ ಕಂದಿತ್ತು. ಅವನು ಕುತ್ತಿಗೆಯ ಬಳಿ ತಂತಿ ಹುಡುಕಿದ. ಇನ್ನೊಂದು ಚೀಲ ತಿರುಗಿಸಿ ನೋಡಿದ. ಮತ್ತೊಂದು.

"ಚೀಟಿಗಳು?"

ಟೀಚರ್ ಡಬ್ಬಿ ಮುಂದೆ ಹಿಡಿದಳು. ಇನ್ನೂರು ಚೀಟಿ ಅದರಲ್ಲಿ ಒಟ್ಟಿಗೇ ಬಿದ್ದಿದ್ದವು. ಯಾವುದು ಯಾವ ಚೀಲದ್ದೆಂದು ಇನ್ನು ಹೇಳಲು ಸಾಧ್ಯವಿರಲಿಲ್ಲ.

"ಆ ಮೇಡಂ ಇಲ್ಲಿಗೂ ಬಂದಿದ್ರಾ ಅಣ್ಣ?" ಗೊತ್ತಿದ್ದೂ ಕೇಳಿದಳು.

"ಬಂದಿದ್ರು."

"ಏನಂದ್ರಿ?"

"ಬೂಷ್ಟು ಬಂತು, ಎಸೆದೆ ಅಂದೆ." ಅವನು ಡಬ್ಬಿಯನ್ನು ತೆಗೆದುಕೊಂಡು ಗೂಡಿನಲ್ಲಿಟ್ಟ. "ನಿಮಗೆ ತಡ ಆಗುತ್ತೆ. ಹೊರಡಿ."

ನೀನು ಹೋಗಿ ನೀವು ಬಂದಿತ್ತು. ಟೀಚರ್ ಅದನ್ನು ಆ ಕ್ಷಣಕ್ಕೆ ಗಮನಿಸಲಿಲ್ಲ. ಮನೆಗೆ ಬಂದು ಕೈ ತೊಳೆಯುವಾಗ ನೆನಪಾಯಿತು, ನಲ್ಲಿಯ ಕೆಳಗೆ ಕೈಯಿಟ್ಟು ಹಾಗೇ ನಿಂತಳು.

ಎರಡು ತಿಂಗಳಿಗೆ ಕೋಣೆ ಮಂಜೂರಾಯಿತು. ಬೆಳ್ಳನೆಯ ದಪ್ಪ ಹಲಗೆಗಳು ಬಂದವು, ಯಂತ್ರ ಬಂತು, ಮುದ್ರಣಾಲಯದ ಒಂದು ಪಕ್ಕಕ್ಕೆ ಕೋಣೆ ನಿಂತಿತು. ಬಾಗಿಲು ತೆರೆದರೆ ತಣ್ಣನೆಯ ಉಸಿರು ಕಾಲಿಗೆ ಬಡಿಯುತ್ತಿತ್ತು. ಭಾವ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ವ್ಯಾಪಾರಿಗಳು ಈಗ ಗಡಿಯಾರ ನೋಡುವುದನ್ನು ಬಿಟ್ಟು ಮುಖ ನೋಡಿ ಬೆಲೆ ಕೇಳತೊಡಗಿದರು. ಸುತ್ತಲಿನ ಐದಾರು ಬೆಳೆಗಾರರು ಡಬ್ಬಗಳನ್ನು ತಂದಿಡತೊಡಗಿದರು.

ಗಡಿಯಾರದಣ್ಣನೂ ಬಂದ. ಅವನ ಅರ್ಜಿಯ ಮೇಲೆ "ಬೆಳೆ ಸಾಲದು, ಸ್ವಚ್ಛತೆ ಇಲ್ಲ" ಎಂದು ಬರೆದು ಮುಚ್ಚಿದ್ದರು. ಅವನ ಕೋಣೆಯಲ್ಲಿ ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದಿತ್ತು, ಅದು ಟೀಚರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನ ಅವನು ನಾಲ್ಕು ಡಬ್ಬ ಇಟ್ಟು ಬಾಡಿಗೆ ಮುಂದೆ ಮಾಡಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನಿಮ್ಮ ಹತ್ರ ತಗೊಳ್ಳೋಕಾಗುತ್ತಾ ಅಣ್ಣ?"

"ಗೋಡೆ ಮೇಲೆ ಬರೆಸಿದ್ದೀರಲ್ಲ, ಡಬ್ಬಕ್ಕೆ ಇಷ್ಟು ಅಂತ. ನನ್ನ ಡಬ್ಬವೂ ಅಷ್ಟೇ ಜಾಗ ತಿನ್ನುತ್ತೆ" ಎಂದು ಹಣವನ್ನು ಮೇಜಿನ ಮೇಲಿಟ್ಟು ಹೋದ. ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಅಂಗಡಿಯಲ್ಲಿ ಗುರುತಿಲ್ಲದ ಗಿರಾಕಿಯ ಜೊತೆ ಮಾತಾಡುವಂತೆ ಮಾತಾಡಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬರುವ ಹೊತ್ತು ತಿಳಿದುಕೊಂಡು ಆ ಹೊತ್ತಿಗೆ ಹುಲ್ಲಿನ ಕೊಟ್ಟಿಗೆಗೆ ಹೋಗಿ ಏನಾದರೂ ಕೆಲಸ ಹಚ್ಚಿಕೊಳ್ಳತೊಡಗಿದಳು. ಬಾಗಿಲ ಸಂದಿಯಿಂದ ಅವನ ಬೆನ್ನು ಕಾಣುತ್ತಿತ್ತು.

ಕೋಣೆ ಬಂದು ಆರು ತಿಂಗಳಾದ ಮೇಲೆ ಮೇಡಂ ಹದಿನೈದು ಜನ ಹೊಸ ಅರ್ಜಿದಾರರನ್ನು ಕರೆದುಕೊಂಡು ಬಂದಳು. ಹೈನು ಮಾಡುವವರು, ಜೇನು ಸಾಕುವವರು, ಸಸಿ ಬೆಳೆಸುವವರು. "ನೋಡಿ, ನಮ್ಮ ಹಣ ಸರಿಯಾದ ಕಡೆ ಹೋದ್ರೆ ಹೀಗಿರುತ್ತೆ" ಎಂದು ಟೀಚರನ್ನು ಮುಂದೆ ನಿಲ್ಲಿಸಿದಳು. ಟೀಚರ್ ಮಾತಾಡುತ್ತಿರುವಾಗಲೇ ಗಡಿಯಾರದಣ್ಣ ಡಬ್ಬ ಹಿಡಿದು ಒಳಗೆ ಬಂದ. ಬಾಗಿಲಿಗೆ ಜನ ಅಡ್ಡವಿದ್ದರು. ಅವನು ಗೋಡೆಗೊರಗಿ ಕಾಯುತ್ತಾ ನಿಂತ.

ಜೇನಿನವಳೊಬ್ಬಳು ಕೇಳಿದಳು: "ನೀವು ಟೀಚರಾಗಿದ್ರಂತೆ. ಇದನ್ನೆಲ್ಲ ಎಲ್ಲಿ ಕಲಿತ್ರಿ?"

ಟೀಚರ್ ಅವನ ಕಡೆ ನೋಡಿದಳು. ಇವರೇ, ಎನ್ನಲು ಬಾಯಿ ತೆರೆದಳು. ಪಕ್ಕದಲ್ಲಿ ಮೇಡಂ ನಿಂತಿದ್ದಳು, ಅಂದು ಅಷ್ಟಾಗಿ ಪರಿಚಯ ಇಲ್ಲ ಎಂದದ್ದು ಅವಳಿಗೆ ನೆನಪಿದ್ದರೆ?

"ಒಬ್ಬರು ಹಿರಿಯರು ಹೇಳ್ಕೊಟ್ರು" ಎಂದಳು.

ನಾಲ್ಕು ಹೆಜ್ಜೆ ದೂರದಲ್ಲಿ ಆ ಹಿರಿಯ ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಹದಿನೈದು ಜನ ಚಪ್ಪಾಳೆ ತಟ್ಟಿದರು.

ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಇದ್ದದ್ದನ್ನು ಉಗುಳಿಯೇ ಬಿಡುತ್ತೇನೆಂದು ಅವಳು ಗಡಿಯಾರದ ಅಂಗಡಿಗೆ ಹೋದಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಹೆಂಗಸರ ಕೈಗಡಿಯಾರ ಬಿಚ್ಚಿದ್ದ.

"ಅಣ್ಣ, ಒಂದು ಮಾತು ಹೇಳ್ಬೇಕಿತ್ತು."

"ಹೇಳಿ."

ಹೇಳಿದಳು. ಮೊಗ್ಗು ಉದುರಿದ ಚೀಲ ತಂದದ್ದು, ಕೇಳದೆ ಚೀಟಿ ಕತ್ತರಿಸಿದ್ದು, ಮೇಡಂ ಅವನ ಕಡೆಗೇ ಬರುತ್ತಿದ್ದಾಳೆಂದು ಗೊತ್ತಿದ್ದೂ ಫೋನ್ ಮಾಡದೆ ಇದ್ದದ್ದು, ನಿಮಗೆ ಬರಬೇಕಾದದ್ದು ನನಗೆ ಬಂತು ಎಂಬುದು. ಅವನು ಕೇಳಿಸಿಕೊಂಡ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಅಷ್ಟೇನಾ?"

ಅವಳು ಅವನ ಮುಖ ನೋಡಿದಳು. ಅಲ್ಲಿ ಏನೂ ತಿಳಿಯಲಿಲ್ಲ. ಇವನಿಗೆ ಗೊತ್ತಿಲ್ಲದ್ದನ್ನು ಹೇಳಿ ಇನ್ನಷ್ಟು ನೋಯಿಸುವುದೇಕೆ ಎಂದುಕೊಂಡಳು. ಹಾಗೆಂದುಕೊಂಡದ್ದು ಅವನಿಗಾಗಿಯಲ್ಲ, ತನಗಾಗಿ ಎಂದು ಅವಳಿಗೆ ಆಮೇಲೆ ಅರ್ಥವಾಯಿತು.

"ಅಷ್ಟೇ ಅಣ್ಣ."

ಅವನು ಒಂದು ಗಳಿಗೆ ಕಾದ. ಆಮೇಲೆ "ಸರಿ" ಎಂದು ಗಾಜನ್ನು ಮತ್ತೆ ಕಣ್ಣಿಗಿಟ್ಟುಕೊಂಡ.

ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಅತ್ತಿಗೆ ಕೂಗಿದಳು. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

"ಅವರಿಗೆ ಗೊತ್ತು" ಎಂದಳು.

"ಏನು ಅತ್ತಿಗೆ?"

"ನೀನು ಆ ಮೇಡಂ ಹತ್ರ ಏನಂದೆ ಅಂತ. ಆಯಮ್ಮನೇ ಹೇಳಿ ಹೋದಳು, ಆಚೆ ಬೀದಿ ಟೀಚರಿಗೂ ನಿಮ್ಮ ಪರಿಚಯ ಅಷ್ಟಾಗಿ ಇಲ್ವಂತೆ ಅಂತ. ಚೀಲ ಹಾಳಾಗಿದ್ದಕ್ಕೆ ಅವರು ಒಂದು ಮಾತೂ ಆಡ್ಲಿಲ್ಲ. ಚೀಟಿ ಕತ್ತರಿಸಿದ್ದಕ್ಕೂ ಆಡ್ಲಿಲ್ಲ. ಈ ಮಾತಿಗೆ ಎರಡು ದಿನ ಅಂಗಡಿ ಬಾಗಿಲು ತೆಗೀಲಿಲ್ಲ." ಅತ್ತಿಗೆಯ ದನಿ ಏರಲಿಲ್ಲ. "ಇವತ್ತು ನೀನು ಬಂದಾಗ ಆ ಮಾತು ಹೇಳ್ತೀಯ ಅಂತ ಕೂತಿದ್ರು. ಅಷ್ಟೇನಾ ಅಂತ ಕೇಳಿಯೂ ಕೇಳಿದ್ರು. ಒಳಗಿಂದ ನಂಗೂ ಕೇಳಿಸ್ತು."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಟೀಚರಿಗೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತನ್ನ ಕಾಲನ್ನೇ ನೋಡಿಕೊಂಡು ನಿಂತಳು. ಚಪ್ಪಲಿಯ ಅಂಚಿಗೆ ಹುಲ್ಲಿನ ಕಡ್ಡಿಯೊಂದು ಅಂಟಿಕೊಂಡಿತ್ತು. ತಲೆ ಎತ್ತುವಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿದ್ದಳು.

ಮಾರನೆಯ ದಿನ ಅವಳು ಬಸ್ಸು ಹತ್ತಿ ಸಂಸ್ಥೆಯ ಕಚೇರಿಗೆ ಹೋದಳು. ಮೇಡಂ ಎದುರಿನ ಕುರ್ಚಿಯಲ್ಲಿ ಕೂತು, ಈ ಸಲ ಏನೂ ಬಿಡದೆ ಹೇಳಿದಳು. ಮುಗಿದ ಮೇಲೆ ಮೇಡಂ ಅವಳ ಕಡತ ತೆರೆದಳು.

"ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಗೊತ್ತಾಗಬೇಕಾದವರಿಗೆ ಗೊತ್ತಾಗಿದೆ ಮೇಡಂ."

"ನಾನೂ ಸರಿಯಾಗಿ ನೋಡ್ಲಿಲ್ಲ ಬಿಡಿ" ಎಂದಳು ಮೇಡಂ ಸಣ್ಣ ದನಿಯಲ್ಲಿ. "ಖಾಲಿ ಹಗ್ಗ ನೋಡಿ ಐದು ನಿಮಿಷದಲ್ಲಿ ಬರ್ದು ಎದ್ದು ಬಂದೆ. ಸ್ವಚ್ಛತೆ ಇಲ್ಲ ಅಂತ ಬೇರೆ ಬರ್ದೆ. ನೆಲ ಹೇಗಿತ್ತು ಅಂತ ನೆನಪೇ ಇಲ್ಲ." ಆಮೇಲೆ ಡ್ರಾಯರ್ ಎಳೆದು ಹುಡುಕಿದಳು. "ಇಂಥದ್ದಕ್ಕೆಲ್ಲ ನಮ್ಮಲ್ಲಿ ಫಾರಂ ಇಲ್ಲ. ಬಿಳಿ ಹಾಳೆ ಮೇಲೆ ಬರ್ಕೊಡಿ."

ತಪ್ಪು ಮಾಡಿದ ಮಕ್ಕಳ ಕೈಯಲ್ಲಿ ನೂರು ಸಲ ಬರೆಸುತ್ತಿದ್ದ ಟೀಚರ್ ಅಲ್ಲೇ ಕೂತು ಒಂದು ಸಲ ಬರೆದಳು. ಹನ್ನೊಂದು ಸಾಲು. "ಅವರು ನನಗೆ ಅಷ್ಟಾಗಿ ಪರಿಚಯವಿಲ್ಲವೆಂದು ನಾನು ಹೇಳಿದ್ದು ಸುಳ್ಳು" ಎಂಬ ಸಾಲಿನಲ್ಲಿ ಪೆನ್ನು ನಿಂತು, ಶಾಯಿ ಒಂದು ಚುಕ್ಕೆಯಾಗಿ ಹರಡಿತು.

ಮೂರು ವಾರ ಬಿಟ್ಟು ಸಂಸ್ಥೆಯ ತೀರ್ಮಾನ ಬಂತು. ಕೋಣೆಯನ್ನು ಕಿತ್ತರೆ ಅದರಲ್ಲಿ ಡಬ್ಬ ಇಡುವ ಬೆಳೆಗಾರರು ಬೀದಿಗೆ ಬೀಳುತ್ತಾರೆ. ಆದ್ದರಿಂದ ಟೀಚರ್ ಒಂದೋ ಅಷ್ಟೂ ಹಣವನ್ನು ಒಮ್ಮೆಗೇ ಹಿಂದಿರುಗಿಸಬೇಕು, ಇಲ್ಲವೇ ಕೋಣೆಯನ್ನು ಗಡಿಯಾರದಣ್ಣನೊಂದಿಗೆ ಜಂಟಿ ಹೆಸರಿಗೆ ಮಾಡಬೇಕು. ಅವನ ಅರ್ಜಿಯ ಮೇಲೆ ಬರೆದದ್ದನ್ನು ಹೊಡೆದುಹಾಕುತ್ತಾರೆ. ಟೀಚರಿಗೆ ಐದು ವರ್ಷ ಇನ್ನಾವ ನೆರವೂ ಇಲ್ಲ.

ಭಾವ ಪತ್ರ ಓದಿ ಮೇಜಿನ ಮೇಲೆಸೆದ. "ಕೂತ ಕೊಂಬೆಗೇ ಕೊಡಲಿ ಹಾಕಿದೆಯಲ್ಲ ಟೀಚರ್. ನಂಗೊಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ ಭಾವ."

"ಅಂತಿದ್ದೆ. ಅದಕ್ಕೇ ಕೇಳ್ಬೇಕಿತ್ತು." ಅವನು ವ್ಯಾನ್ ತೆಗೆದುಕೊಂಡು ಹೋದ, ಒಂದು ತಿಂಗಳು ಆ ಕಡೆ ಸುಳಿಯಲಿಲ್ಲ. ಅಕ್ಕ ಫೋನಿನಲ್ಲಿ ಬರೀ ಹೂಂ ಹೂಂ ಎನ್ನುತ್ತಿದ್ದಳು. ಟೀಚರ್ ಡಬ್ಬಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿದಳು.

ಪತ್ರ ಹಿಡಿದು ಅವಳು ಗಡಿಯಾರದ ಅಂಗಡಿಗೆ ಹೋದಳು. ಅವನು ಪೂರ್ತಿ ಓದಿ, ಮಡಿಸಿ, ಹಿಂದಕ್ಕೆ ಕೊಟ್ಟ.

"ನಿಮ್ಮ ನಾಚಿಕೆ ಮುಚ್ಕೊಳ್ಳೋಕೆ ನನ್ನ ಹೆಸರು ಬೇಕಾಯ್ತಾ?"

ಅವಳು ಹೇಳಲೆಂದು ಬಂದದ್ದು ಬೇರೆಯೇ ಇತ್ತು. "ಅಣ್ಣ, ಆವತ್ತು ಅವರು ನಿಮ್ಮ ಬಗ್ಗೆ ಕೇಳಿದಾಗ, ಅವರು ನಂಗೆ ಅಷ್ಟಾಗಿ ಪರಿಚಯ ಇಲ್ಲ ಅಂದೆ. ನಿಮ್ಮ ಚೀಲದ ಕೆಳಗೆ ನಿಂತ್ಕೊಂಡು ಅಂದೆ."

"ಗೊತ್ತು."

"ನಿಮಗೆ ಗೊತ್ತು ಅಂತ ನಂಗೂ ಗೊತ್ತು. ನನ್ನ ಬಾಯಿಂದ ಹೇಳೋದು ಬಾಕಿ ಇತ್ತು."

ಗಡಿಯಾರದಣ್ಣ ಮೇಜಿನ ಮೇಲಿನ ಪುಟ್ಟ ತಿರುಪುಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದ. "ನಾನೂ ಸುಳ್ಳು ಹೇಳ್ದೆ. ಬೂಷ್ಟು ಬಂತು ಅಂದೆ. ಕೆಟ್ಟ ಗಡಿಯಾರ ಸರಿಹೋಯ್ತು ಅಂತ ಒಬ್ಬ ಗಿರಾಕಿಗೂ ಕೊಟ್ಟವನಲ್ಲ ನಾನು. ಆವತ್ತು ನನ್ನ ಬೆಳೆ ಮೇಲೇ ಸುಳ್ಳು ಹೇಳ್ದೆ. ಅದು ಅಷ್ಟು ಬೇಗ ಬಾಯಿಗೆ ಬಂತಲ್ಲ ಅಂತ ನಂಗೇ ಅಸಹ್ಯ ಆಯ್ತು."

ಒಳಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು.

"ಇಬ್ರೂ ಎಷ್ಟು ಬೇಕೋ ಅಷ್ಟು ನಾಚ್ಕೊಳ್ಳಿ" ಎಂದಳು. "ಅಣಬೆ ಕಾಯಲ್ಲ. ನಾಲ್ಕು ಡಬ್ಬಕ್ಕೆ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ ನಂಗೆ. ಸಹಿ ಹಾಕಿ ಬನ್ನಿ."

ಸಹಿ ಹಾಕುವ ದಿನ ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕೂತ, ಅವಳು ಹಿಂದೆ. ಕಚೇರಿಯಲ್ಲಿ ಮೇಡಂ ಎದ್ದು ನಿಂತು ಅವನಿಗೆ ಕುರ್ಚಿ ಹಾಕಿದಳು, ಏನೋ ಹೇಳಲು ಹೋದಳು. ಅವನು "ಪರವಾಗಿಲ್ಲ" ಎಂದು ಕೂತ. ಗುಮಾಸ್ತ ಫಾರಂ ತುಂಬತೊಡಗಿದ. ಹೆಸರು, ವಯಸ್ಸು, ವಿಳಾಸ ಎಲ್ಲ ಆಯಿತು. ತಲೆ ಎತ್ತದೆ ಕೇಳಿದ:

"ಅರ್ಜಿದಾರರು ಒಬ್ಬರಿಗೊಬ್ಬರು ಏನಾಗ್ಬೇಕು?"

ಟೀಚರ್ ಬಾಯಿ ತೆರೆಯುವ ಹಕ್ಕು ಕಳೆದುಕೊಂಡಾಗಿತ್ತು. ಗಿರಾಕಿಗಳಿಗೆ ಅವನು ಕೊಡುತ್ತಿದ್ದ ಉತ್ತರ ಅವಳ ಕಿವಿಯಲ್ಲಿತ್ತು. ಅದನ್ನು ಅವನು ಮತ್ತೆ ಹೇಳಲಿ ಎಂದು ಆಸೆಪಟ್ಟಳು, ಆಸೆಪಟ್ಟದ್ದಕ್ಕೂ ನಾಚಿಕೆಪಟ್ಟಳು.

ಅವನು ಗುಮಾಸ್ತನ ಕಡೆ ತಿರುಗಿದ.

"ಪಾಲುದಾರರು ಅಂತ ಬರ್ಕೊಳ್ಳಿ" ಎಂದ.

ಗುಮಾಸ್ತ ಬರೆದುಕೊಂಡು ಹಾಳೆ ತಿರುಗಿಸಿದ. ಮೊದಲು ಅವನು ಸಹಿ ಮಾಡಿದ. ಅದರ ಕೆಳಗೆ ಅವಳು ಮಾಡಿದಳು. ಎಂಟು ಕಡೆ ಮಾಡಬೇಕಿತ್ತು; ಐದನೆಯ ಕಡೆ ಅವಳ ಅಕ್ಷರ ಕೆಟ್ಟಿತು, ಗುಮಾಸ್ತ ಹೊಸ ಹಾಳೆ ಕೊಟ್ಟ. ಅವನು ಬೇಸರಪಡದೆ ಆ ಹಾಳೆಗೂ ಮತ್ತೆ ಸಹಿ ಹಾಕಿ ಅವಳ ಕಡೆ ಸರಿಸಿದ.

ಹೊರಗೆ ಬಂದಾಗ ಮೂರು ಗಂಟೆಯ ಬಿಸಿಲು. ರಸ್ತೆ ದಾಟಲು ಇಬ್ಬರೂ ನಿಂತರು. ಕ್ಷಮಿಸಿ ಎನ್ನಬೇಕೆಂದು ಅವಳಿಗೆ ಅನಿಸಿತು. ಅಂದರೆ ಅದಕ್ಕೂ ಅವನೇ ಏನಾದರೂ ಉತ್ತರ ಕೊಡಬೇಕಾಗುತ್ತದೆ ಎಂದು ಸುಮ್ಮನಾದಳು.

"ಐದು ಗಂಟೆ ಗಾಡಿಗೆ ಹನ್ನೆರಡು ಡಬ್ಬ ತುಂಬಬೇಕು" ಎಂದ ಅವನು, ವಾಹನಗಳ ಕಡೆ ನೋಡುತ್ತಾ. "ನಿಮ್ಮ ಭಾವ ಬರ್ತಾರಾ?"

"ಇಲ್ಲ ಅಣ್ಣ. ತಳ್ಳುಗಾಡಿನೇ."

"ಹಾಗಾದ್ರೆ ಬೇಗ ನಡೀರಿ. ಒಬ್ಬರು ಎಳೀಬೇಕು, ಒಬ್ಬರು ತಳ್ಳಬೇಕು."

ವಾಹನಗಳ ಸಾಲು ಕಡಿದ ಕಡೆ ಅವನು ರಸ್ತೆಗಿಳಿದ. ಅವಳು ಹಿಂದೆಯೇ ನಡೆದಳು.